ಪರದೆಯ ಹಿಂದಿನ ಬೀಗ

2003ರ ಸುಮಾರಿಗೆ ವೈಟ್‌ಫೀಲ್ಡಿನ ನಮ್ಮ ಶಾಲೆಗೆ ದಾನವಾಗಿ ಬಂದ ಹಳೆಯ ಗಣಕಗಳು ಶಿಷ್ಯರಲ್ಲಿ ಕೆಲವರಿಗಾದರೂ ನೆನಪಿರಬಹುದು. ಲಿನಕ್ಸ್ ಅಳವಡಿಸಿದರೆ ಎಲ್ಲವೂ ನಡೆಯುತ್ತಿತ್ತು. ಪರದೆಯ ಮೇಲಿನ ಅಕ್ಷರಗಳು ಮಾತ್ರ ಊದಿಕೊಂಡಂತೆ ಕಾಣುತ್ತಿದ್ದವು. ಗ್ರಾಫಿಕ್ಸ್ ಚಿಪ್ಪಿಗೆ ಆಜ್ಞೆ ತಲುಪಿಸುವ ತಂತ್ರಾಂಶವೇ ಡ್ರೈವರ್. ತಯಾರಕರು ಅದನ್ನು ಲಿನಕ್ಸಿಗಾಗಿ ಬರೆದಿರಲಿಲ್ಲ. ಬರೆಯಬಲ್ಲವರಿಗೆ ಚಿಪ್ಪಿನ ವಿವರವನ್ನೂ ಕೊಟ್ಟಿರಲಿಲ್ಲ. ಯಂತ್ರ ನಮ್ಮದು, ಬೀಗದ ಕೈ ಬೇರೆಯವರದು!

ಈ ಬೀಗ ಸಡಿಲಗೊಂಡದ್ದು ಬಹು ನಿಧಾನವಾಗಿ. 2006ರಲ್ಲಿ ಎಟಿಐ ಸಂಸ್ಥೆಯನ್ನು ಕೊಂಡ ಎಎಂಡಿ, ಮರುವರ್ಷ ತನ್ನ ಗ್ರಾಫಿಕ್ಸ್ ಚಿಪ್ಪುಗಳ ವಿವರಪತ್ರಗಳನ್ನು ಪ್ರಕಟಿಸತೊಡಗಿತು. ಎನ್‌ವಿಡಿಯಾ ಚಿಪ್ಪುಗಳಿಗಾದರೋ ಉತ್ಸಾಹಿಗಳು ಅಂಥ ದಾಖಲೆಗಳಿಲ್ಲದೆಯೇ, ಯಂತ್ರದ ವರ್ತನೆಯನ್ನು ಗಮನಿಸುತ್ತ ‘ನುವೋ’ ಎಂಬ ಡ್ರೈವರ್ ರಚಿಸಿದರು. ಪಠ್ಯಪುಸ್ತಕವಿಲ್ಲದೆ ಪಾಠ ಕಲಿತ ಈ ಸಾಹಸವೇ ನನಗೆ ಹೆಚ್ಚು ಮೆಚ್ಚುಗೆ. ಎನ್‌ವಿಡಿಯಾ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿದ್ದು 2022ರ ಮೇ ತಿಂಗಳಲ್ಲಿ, ಅದೂ ಈಚಿನ ಚಿಪ್ಪುಗಳಿಗೆ ಮಾತ್ರ. ನಮ್ಮ ಶಾಲೆಯ ಗಣಕಗಳು ಅಷ್ಟರಲ್ಲಿ ಗುಜರಿ ಸೇರಿ ಎಷ್ಟೋ ವರ್ಷಗಳಾಗಿದ್ದವು.

2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ನಮ್ಮ ಬೆಂಗಳೂರಿನಲ್ಲೇ ತೆರೆಯಿತು. ಮೊನ್ನೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದ ಶಿಷ್ಯನೊಬ್ಬ ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಟ್ಟ. “ಡ್ರೈವರ್ ಎಲ್ಲಿ ಹುಡುಕಬೇಕಪ್ಪಾ?” ಎಂದೆ. “ಅದು ಒಳಗೇ ಇದೆ, ಮೇಷ್ಟ್ರೇ” ಎಂದು ನಕ್ಕ.