ಇದ್ದಿಲು ತಿಂದು ಓಡಿದ ಬಸ್ಸು

ನಿಮ್ಮೂರಿನಲ್ಲಿ ತೊಂಬತ್ತು ದಾಟಿದ ಅಜ್ಜ ಇದ್ದರೆ ಒಮ್ಮೆ ಕೇಳಿ ನೋಡಿ: "ಇದ್ದಿಲು ಬಸ್ಸು ನೋಡಿದ್ರಾ?" ಬಹುಶಃ ನಗುತ್ತಲೇ ಕಥೆ ಶುರು ಮಾಡುತ್ತಾರೆ. ಬಸ್ಸಿನ ಹಿಂದೆ ಡ್ರಮ್ಮಿನಂಥ ದೊಡ್ಡ ಒಲೆ, ಅದರ ಪಕ್ಕದಲ್ಲಿ ಬೆವರು ಸುರಿಸುತ್ತಾ ಗಾಳಿಯಂತ್ರ ತಿರುಗಿಸುವ ಕ್ಲೀನರ್.

ಇದು ಎರಡನೇ ಮಹಾಯುದ್ಧದ ಕಾಲದ ಮಾತು. ಆಗ ಭಾರತಕ್ಕೆ ಬರ್ಮಾದಿಂದ ಬಹಳಷ್ಟು ಎಣ್ಣೆ ಬರುತ್ತಿತ್ತು. 1942ರಲ್ಲಿ ಜಪಾನ್ ಸೇನೆ ಬರ್ಮಾಕ್ಕೆ ನುಗ್ಗಿತು. ಎಣ್ಣೆ ಬಾವಿಗಳು ಶತ್ರುವಿನ ಕೈಗೆ ಸಿಗಬಾರದೆಂದು ಬ್ರಿಟಿಷರೇ ಅವನ್ನು ಹಾಳುಮಾಡಿ ಹೊರಟರು. ಇದ್ದ ಪೆಟ್ರೋಲ್ ಸೇನೆಗೆ ಹೋಯಿತು, ಜನರಿಗೆ ರೇಷನ್ ಬಂತು. ಬಸ್ಸು ನಿಲ್ಲಬಾರದೆಂದರೆ ಬೇರೆ ದಾರಿ ಬೇಕಿತ್ತು.

ದಾರಿ ಆಗಲೇ ಇತ್ತು. ಫ್ರಾನ್ಸಿನ ಜಾರ್ಜ್ ಇಂಬೆರ್ ಎಂಬ ಎಂಜಿನಿಯರ್ 1920ರ ದಶಕದಲ್ಲೇ ಸೌದೆಯಿಂದ ಗ್ಯಾಸ್ ತೆಗೆದು ವಾಹನ ಓಡಿಸುವ ಒಲೆ ಮಾಡಿದ್ದ. ಯುದ್ಧಕಾಲದಲ್ಲಿ ಜರ್ಮನಿ, ಸ್ವೀಡನ್ ದೇಶಗಳಲ್ಲಿ ಇಂಥ ಲಕ್ಷಾಂತರ ವಾಹನಗಳು ಓಡಿದವು.

ಕೆಲಸ ಹೇಗೆ? ಇದ್ದಿಲಿಗೆ ಗಾಳಿ ಧಾರಾಳವಾಗಿ ಸಿಕ್ಕರೆ ಪೂರ್ತಿ ಉರಿದು ಬೂದಿಯಾಗುತ್ತದೆ. ಗಾಳಿ ಕಡಿಮೆ ಕೊಟ್ಟರೆ ಅರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಗ್ಯಾಸ್ ಹೊರಬರುತ್ತದೆ. ಅದನ್ನು ತಣಿಸಿ, ಸೋಸಿ, ಪೆಟ್ರೋಲ್ ಎಂಜಿನ್‌ಗೇ ಬಿಡುತ್ತಿದ್ದರು. ಅಂದರೆ ಎಂಜಿನ್ ಹಳೆಯದೇ, ಊಟ ಮಾತ್ರ ಹೊಸದು.

ಆದರೆ ಊಟದಲ್ಲಿ ಕಸುವಿಲ್ಲ. ಈ ಗ್ಯಾಸಿನಲ್ಲಿ ಸುಮಾರು ಅರ್ಧ ಭಾಗ ಉರಿಯದ ಸಾರಜನಕ. ಎಂಜಿನ್ ಶಕ್ತಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಯುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು.

ಬೆಲೆ ತೆತ್ತವರು ಇನ್ನೂ ಇದ್ದರು. ಈ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಆದರೆ ಉಸಿರಾಡಿದರೆ ವಿಷ. ಅದಕ್ಕೆ ಅತಿ ಹತ್ತಿರ ನಿಲ್ಲುತ್ತಿದ್ದವನು ಕ್ಲೀನರ್. ಇನ್ನು ಕಾಡು: ಹಳೆಯ ಭಟ್ಟಿಯಲ್ಲಿ ಒಂದು ಕೆಜಿ ಇದ್ದಿಲಿಗೆ ಐದು ಕೆಜಿಯಷ್ಟು ಸೌದೆ ಬೇಕಾಗುತ್ತಿತ್ತು. ಸೌದೆಯಲ್ಲಿದ್ದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಟ್ಟಿಯಲ್ಲೇ ಹೊಗೆಯಾಗಿ ಹೋಗುತ್ತಿತ್ತು. ಪೆಟ್ರೋಲ್ ಉಳಿಯಿತು, ಶಕ್ತಿ ಉಳಿಯಲಿಲ್ಲ.

ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಸಿಕ್ಕಾಗ ಒಲೆಗಳು ಗುಜರಿ ಸೇರಿದವು. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. ಮುಂದೆ ಡೀಸೆಲ್ ಎಂಜಿನ್ನೇ ಬಸ್ಸುಗಳ ರಾಜನಾಯಿತು.

ಆದರೂ ಆ ವಿದ್ಯೆ ಸಾಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ಸುಧಾರಿಸಿ, 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆ ಗ್ಯಾಸಿನಿಂದ ಎಂಜಿನ್ ಓಡಿಸಿ ಊರಿಗೆ ಕರೆಂಟು ಕೊಟ್ಟರು. ನಿಂತಲ್ಲೇ ಓಡುವ ಎಂಜಿನ್‌ಗೆ ಒಲೆಯ ಭಾರ ಒಂದು ತೊಂದರೆಯೇ ಅಲ್ಲ, ಬೇಕಾದಷ್ಟು ಸೌದೆಯನ್ನು ಊರ ಸುತ್ತಲೇ ಬೆಳೆಸಬಹುದು. ಬಸ್ಸಿಗೆ ಹೊಂದದ್ದು ಹಳ್ಳಿಗೆ ಹೊಂದಿತು.

ದೆಹಲಿಯ ಕಥೆ ಬೇರೆ. ಹೊಗೆ ತಡೆಯಲು 1998ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. 2002ರ ಕೊನೆಗೆ ಅಲ್ಲಿನ ನಗರ ಬಸ್ಸುಗಳೆಲ್ಲ ಸಿಎನ್‌ಜಿಗೆ ಬದಲಾದವು. ಮೊದಮೊದಲು ಗ್ಯಾಸ್ ಬಂಕ್ ಸಾಲದೆ ಬಸ್ಸುಗಳು ಮೈಲುದ್ದ ಸಾಲು ನಿಂತವು. ಎಂಜಿನ್ ಬದಲಿಸಿದರೆ ಸಾಲದು, ಅದಕ್ಕೆ ಊಟ ಹಾಕುವ ಜಾಗವೂ ಇರಬೇಕು ಎಂಬ ಪಾಠ ಅದು.

ಈಗ ಎಲೆಕ್ಟ್ರಿಕ್ ಬಸ್ಸಿನ ಸರದಿ. ಡೀಸೆಲ್ ಎಂಜಿನ್ ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಕಳೆದುಬಿಡುತ್ತದೆ, ಕರೆಂಟಿನ ಮೋಟಾರು ಕಳೆಯುವುದು ತೀರಾ ಕಡಿಮೆ. ಆದರೆ ಕರೆಂಟು ಕಲ್ಲಿದ್ದಲಿನಿಂದ ಬಂದರೆ ಆ ಲೆಕ್ಕವನ್ನೂ ಸೇರಿಸಬೇಕು, ಇದ್ದಿಲಿಗೆ ಸೌದೆಯ ಲೆಕ್ಕ ಸೇರಿಸಿದ ಹಾಗೆ.

ಹೊಸ ಬಸ್ಸು ನಿಮ್ಮೂರಿಗೆ ಬರುತ್ತದೆಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ. ಚಾರ್ಜ್ ಎಲ್ಲಿ ಮಾಡುತ್ತೀರಿ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಏರು ರಸ್ತೆಯಲ್ಲಿ ತುಂಬಿದ ಬಸ್ಸು ಹತ್ತುತ್ತದೆಯೇ?