ಬೇರೂರಿದ ಗುಲಾಬಿಯನ್ನು ಕಿತ್ತು ನೆಟ್ಟ ಬಗೆ

ಬೇರೂರಿದ ಗುಲಾಬಿ ಗಿಡವನ್ನು ಕಿತ್ತು ಇನ್ನೊಂದೆಡೆ ನೆಡುವ ಕೆಲಸದ ಬಗ್ಗೆ ಸಿಗುವ ಬಹು ಹಳೆಯ ಬರಹಗಳಲ್ಲೊಂದು ಗ್ರೀಸಿನದು. ಅರಿಸ್ಟಾಟಲನ ಬಳಿಕ ಅವನ ವಿದ್ಯಾಪೀಠವನ್ನು ನಡೆಸಿದ ಥಿಯೊಫ್ರಾಸ್ಟಸ್, ಕ್ರಿ.ಪೂ. 300ರ ಆಸುಪಾಸಿನಲ್ಲಿ ಬರೆದ ಸಸ್ಯಗ್ರಂಥದಲ್ಲಿ ಫಿಲಿಪ್ಪಿ ಪಟ್ಟಣದವರ ಸಂಗತಿ ಹೇಳುತ್ತಾನೆ. ಹತ್ತಿರದ ಪಂಗೈಯಾನ್ ಬೆಟ್ಟದಲ್ಲಿ ಹೇರಳವಾಗಿದ್ದ ಬಹುದಳದ ಗುಲಾಬಿಯನ್ನು ಅವರು ತಂದು ತಮ್ಮಲ್ಲಿ ನೆಟ್ಟುಕೊಳ್ಳುತ್ತಿದ್ದರು. ಗುಲಾಬಿಯನ್ನು ಅದರ ಪಾಡಿಗೆ ಬಿಟ್ಟರೆ ಬರೀ ಕಟ್ಟಿಗೆ ಬೆಳೆಯುತ್ತದೆ, ಕಡಿದು ಸುಟ್ಟರೆ ಒಳ್ಳೆಯ ಹೂ ಕೊಡುತ್ತದೆ, ಆಗಾಗ ಜಾಗ ಬದಲಿಸಿದರೆ ಇನ್ನೂ ಸುಧಾರಿಸುತ್ತದೆ ಎಂಬುದು ಅವನು ದಾಖಲಿಸಿದ ತಿಳಿವಳಿಕೆ. ಮೂರೂವರೆ ಶತಮಾನಗಳ ನಂತರ ರೋಮಿನ ಪ್ಲಿನಿ ಇದಕ್ಕೆ ಕಾಲವನ್ನೂ ಸೇರಿಸಿದ. ಕೃತ್ತಿಕೆ ಮುಳುಗುವ ಚಳಿಗಾಲದ ಆರಂಭದಲ್ಲಿ ತುಂಡುಗಳನ್ನು ಊರಬೇಕು, ಪಡುಗಾಳಿ ಬೀಸತೊಡಗುವ ಫೆಬ್ರುವರಿಯಲ್ಲಿ ಅವನ್ನು ಎತ್ತಿ ಒಂದೊಂದು ಅಡಿ ಅಂತರದಲ್ಲಿ ನೆಡಬೇಕು. ಎರಡೂ ಕೆಲಸ ಗಿಡ ಬೆಳವಣಿಗೆ ನಿಲ್ಲಿಸಿ ಮಲಗಿರುವ ತಿಂಗಳುಗಳಲ್ಲೇ ಮುಗಿಯುತ್ತವೆ.

ಈ ಕಾಲನಿಯಮದ ಹಿಂದೆ ಗಟ್ಟಿಯಾದ ಕಾರಣವಿದೆ. ಗುಲಾಬಿ ನೀರು ಹೀರುವುದು ದಪ್ಪ ಬೇರಿನಿಂದಲ್ಲ, ಅದರ ತುದಿಯ ಕೂದಲೆಳೆಯಂಥ ಬೇರುಗಳಿಂದ. ಎಷ್ಟೇ ಜತನದಿಂದ ಅಗೆದರೂ ಅವುಗಳಲ್ಲಿ ಹೆಚ್ಚಿನವು ಮಣ್ಣಿನಲ್ಲೇ ಕಡಿದು ಉಳಿಯುತ್ತವೆ. ಮೇಲೆ ಎಲೆಗಳು ಮೊದಲಿನಷ್ಟೇ ನೀರನ್ನು ಗಾಳಿಗೆ ಬಿಡುತ್ತಿದ್ದರೆ ಗಿಡ ಕೆಲವೇ ದಿನಗಳಲ್ಲಿ ಒಣಗುತ್ತದೆ. ಎಲೆ ಉದುರಿ ನಿಂತ ಗಿಡಕ್ಕೆ ಈ ಅಪಾಯ ಕಡಿಮೆ. ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟವನ್ನು ಬಳಸಿ ಅದು ಹೊಸ ಬೇರು ಬಿಡುತ್ತದೆ, ಆಮೇಲೆ ಚಿಗುರುತ್ತದೆ. ಗ್ರೀಕರು ಕಡಿಯುವುದನ್ನೂ ಜಾಗ ಬದಲಿಸುವುದನ್ನೂ ಒಟ್ಟಿಗೇ ಹೇಳಿದ್ದು ಸರಿಯಾಗಿಯೇ ಇತ್ತು: ಬೇರು ಕಳೆದುಕೊಂಡ ಗಿಡದ ಮೇಲ್ಭಾಗವನ್ನೂ ತಗ್ಗಿಸಲೇಬೇಕು.

ಭಾರತದಲ್ಲಿ ಬೆಳೆದ ಗಿಡವನ್ನು ಸಾಗಿಸುವ ಶಾಸ್ತ್ರ ಗುಲಾಬಿ ತೋಟಗಳಿಗಿಂತ ಹಳೆಯದು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯವು ತುಪ್ಪ, ಲಾವಂಚ, ಎಳ್ಳು, ಜೇನು, ವಾಯುವಿಡಂಗ, ಹಾಲು, ಸಗಣಿಗಳನ್ನು ಬುಡದಿಂದ ಕಾಂಡದವರೆಗೆ ಬಳಿದು ಗಿಡವನ್ನು ಬೇರೆಡೆ ನೆಡಲು ಹೇಳುತ್ತದೆ. ಕೊಂಬೆ ಒಡೆಯದ ಗಿಡಕ್ಕೆ ಶಿಶಿರ, ಕೊಂಬೆ ಒಡೆದದ್ದಕ್ಕೆ ಹೇಮಂತ, ದಪ್ಪ ಕಾಂಡದ್ದಕ್ಕೆ ಮಳೆಗಾಲದ ಆರಂಭ ಎಂದು ಋತುಗಳನ್ನೂ ಹಂಚುತ್ತದೆ. ಜಿಗುಟಾದ ಆ ಲೇಪ ಬೇರು ಒಣಗದಂತೆ ತಡೆಯುತ್ತಿದ್ದಿರಬೇಕು. ಬೇರನ್ನು ಕೆಸರಿನಲ್ಲಿ ಅದ್ದಿ ಸಾಗಿಸುವ ಇಂದಿನ ರೂಢಿಯ ಉದ್ದೇಶವೂ ಅದೇ. ಕನ್ನಡದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯ ರಚಿಸಿದ ಲೋಕೋಪಕಾರವೂ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಿತು. ಹದಿನಾರನೇ ಶತಮಾನದಲ್ಲಿ ಬಾಬರ್ ಆಗ್ರಾದ ತನ್ನ ತೋಟದ ಅಂಚುಗಳಲ್ಲಿ ಗುಲಾಬಿಯನ್ನೂ ನರ್ಗೀಸನ್ನೂ ಸಾಲಾಗಿ ನೆಡಿಸಿದ್ದನ್ನು ಬರೆದುಕೊಂಡಿದ್ದಾನೆ.

ಬೇರೂರಿದ ಗುಲಾಬಿಯನ್ನು ಕೀಳುವುದೇ ಒಂದು ಕಸುಬಾದದ್ದು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ. ಒಂದೇ ನೆಟ್ಟನೆಯ ಕಾಂಡದ ತುದಿಯಲ್ಲಿ ಹೂಗೊಂಚಲು ಹೊತ್ತ ಸ್ಟ್ಯಾಂಡರ್ಡ್ ಗುಲಾಬಿ ಆಗ ಶ್ರೀಮಂತರ ತೋಟಗಳ ಬೆಡಗು. ಆ ಎತ್ತರದ ಕಾಂಡವನ್ನು ನರ್ಸರಿಯಲ್ಲಿ ಬೆಳೆಸಲು ವರ್ಷಗಳು ಬೇಕು. ಆದರೆ ಹೊಲದ ಬೇಲಿಗಳಲ್ಲಿ ಕಾಡುಗುಲಾಬಿ ತಾನಾಗಿಯೇ ಬೆಳೆದಿತ್ತು. ಎಲೆ ಉದುರಿದ ಮೇಲೆ, ನವೆಂಬರಿನ ಹೊತ್ತಿಗೆ, ಹಳ್ಳಿಯ ಕೂಲಿಗಳು ಬೇಲಿಯೊಳಗೆ ನುಗ್ಗಿ ನೇರವಾದ ಕಾಂಡಗಳನ್ನು ಆರಿಸಿ ಬುಡಸಮೇತ ಅಗೆದು ನರ್ಸರಿಗಳಿಗೆ ಮಾರುತ್ತಿದ್ದರು. ಮುಳ್ಳು, ಚಳಿ, ಒದ್ದೆ ಮಣ್ಣುಗಳ ನಡುವೆ ಮಾಡಬೇಕಾದ ಕಷ್ಟದ ಕೆಲಸ ಅದು. ನರ್ಸರಿಯವರು ಗಂಟುಗಂಟಾದ ಹಳೆಯ ಬೇರನ್ನು ನಿರ್ದಾಕ್ಷಿಣ್ಯವಾಗಿ ಸವರಿ, ಚಿಕ್ಕ ಬುಡವನ್ನಷ್ಟೇ ಉಳಿಸಿ ನೆಡುತ್ತಿದ್ದರು. ವಸಂತದಲ್ಲಿ ಚಿಗುರಿದ ಈ ಬುಡಗಿಡಕ್ಕೆ ಮುಂದಿನ ಜುಲೈನಲ್ಲಿ ತೋಟದ ಗುಲಾಬಿಯ ಕಣ್ಣು ಕೂಡಿಸಿ ಕಸಿ ಮಾಡುತ್ತಿದ್ದರು. ವರ್ಷಗಟ್ಟಲೆ ಬೇಲಿಯಲ್ಲಿ ನಿಂತ ಗಿಡವೂ ಬೇರಿನ ಬಹುಪಾಲನ್ನು ಕಳೆದುಕೊಂಡು ಬದುಕಬಲ್ಲದೆಂದು ಲೆಕ್ಕವಿಲ್ಲದಷ್ಟು ಸಲ ಸಾಬೀತು ಮಾಡಿದವರು ಈ ಕೂಲಿಗಳು. 1858ರಲ್ಲಿ ಲಂಡನ್ನಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ನಡೆಸಿದ ಪಾದ್ರಿ ರೆನಾಲ್ಡ್ಸ್ ಹೋಲ್ ಬರೆದ 1869ರ ಗುಲಾಬಿ ಪುಸ್ತಕ ಮನೆಮಾತಾಯಿತು. ಪ್ರದರ್ಶನದ ಹೂಗಳಿಗೆ ಬಹುಮಾನ ಸಿಕ್ಕಿತು. ಬುಡಗಿಡ ಅಗೆದವರ ಹೆಸರು ಎಲ್ಲೂ ಉಳಿಯಲಿಲ್ಲ. ಬೀಜದಿಂದ ಬೆಳೆಸಿದ ಬುಡಗಿಡಗಳು ಬಂದ ಮೇಲೆ ಕಸುಬೂ ಕರಗಿತು.

ಅಷ್ಟರೊಳಗೆ ಗುಲಾಬಿಯ ಸ್ವಭಾವವೇ ಬದಲಾಗಿತ್ತು. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂಬಿಟ್ಟು ಚಳಿಗೆ ಗಾಢವಾಗಿ ಮಲಗುತ್ತಿದ್ದವು. 1790ರ ದಶಕದಿಂದ 1824ರವರೆಗೆ ಚೀನಾದಿಂದ ಬಂದ ನಾಲ್ಕು ಗುಲಾಬಿಗಳು ಮತ್ತೆ ಮತ್ತೆ ಹೂಬಿಡುವ ಗುಣವನ್ನು ತಂದವು. ಕ್ಯಾಂಟನ್ ಬಳಿಯ ಫಾ ಟೀ ನರ್ಸರಿಗಳಿಂದ ಹೊರಟ ಗಿಡಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಉಪ್ಪುಗಾಳಿ ಸಹಿಸಬೇಕಿತ್ತು. ಕಲ್ಕತ್ತೆಯಲ್ಲಿ 1787ರಲ್ಲಿ ಶುರುವಾದ ಸಸ್ಯೋದ್ಯಾನ ಪೂರ್ವದ ಗಿಡಗಳಿಗೆ ನಡುವಿನ ತಂಗುದಾಣವಾಗಿತ್ತು. ಈ ಚೀನೀ ವಂಶದ ಗುಲಾಬಿಗಳು ಪೂರ್ತಿ ಮಲಗುವುದಿಲ್ಲ. ಚಳಿ ಕಡಿಮೆಯಿದ್ದರೆ ವರ್ಷವಿಡೀ ಎಲೆ ಹೊತ್ತಿರುತ್ತವೆ. ಇಂದಿನ ತೋಟದ ಗುಲಾಬಿಗಳಲ್ಲಿ ಬಹುತೇಕ ಎಲ್ಲವೂ ಅವುಗಳ ಸಂತತಿ.

ಹಾಗಾಗಿ ಭಾರತದಲ್ಲಿ ತೋಟಗಾರರಿಗೆ ಎರಡು ತೊಡಕು ಒಟ್ಟಿಗೆ ಎದುರಾದವು: ಮಲಗದ ಗಿಡ, ಎಲೆ ಉದುರಿಸದ ಚಳಿಗಾಲ. ಉತ್ತರದ ಬಯಲಿನಲ್ಲಿ ಇದಕ್ಕೆ ಕೃತಕ ನಿದ್ದೆಯ ಉಪಾಯ ಬಂತು. ಅಕ್ಟೋಬರಿನ ಸುಮಾರಿಗೆ ನೀರು ನಿಲ್ಲಿಸಿ, ಬುಡದ ಮಣ್ಣು ತೆಗೆದು, ವಾರ ಹತ್ತು ದಿನ ಬೇರನ್ನು ಗಾಳಿಗೆ ಬಿಟ್ಟು, ಗಿಡ ಎಲೆ ಕಳೆದುಕೊಂಡ ಮೇಲೆ ಸವರಿ ಗೊಬ್ಬರದೊಂದಿಗೆ ಮುಚ್ಚುವುದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಅಷ್ಟು ಕಠಿಣ ಕ್ರಮ ಬೇಕಾಗಲಿಲ್ಲ. ಹೈದರಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ಊರಿನಲ್ಲಿ, ದಂಡು ಪ್ರದೇಶದ ಬಂಗಲೆಗಳ ಅಂಗಳದಲ್ಲಿ, ಗುಲಾಬಿ ಹಿತವಾಗಿ ನೆಲೆನಿಂತಿತು. ಇಲ್ಲಿ ವರ್ಷಕ್ಕೆ ಎರಡು ಸವರಿಕೆ ರೂಢಿ: ಮುಂಗಾರಿನ ಜೂನ್‌ನಲ್ಲಿ ಒಂದು, ಮಳೆ ಹಿಂದಾಗುವ ಅಕ್ಟೋಬರ್-ನವೆಂಬರಿನಲ್ಲಿ ಇನ್ನೊಂದು. ಗಿಡ ಕಿತ್ತು ನೆಡುವ ಕೆಲಸವೂ ಸವರಿಕೆಯ ಬೆನ್ನಿಗೇ ಬಂತು. ಮೃಗಶಿರಾ, ಆರಿದ್ರಾ ಮಳೆಗಳ ಮೋಡ ಕವಿದ ದಿನಗಳು ಎಲೆಯಿಂದ ನೀರು ಹಾರುವುದನ್ನು ತಗ್ಗಿಸಿ, ಚಳಿನಾಡಿನ ನವೆಂಬರ್ ಮಾಡುವ ಕೆಲಸದ ಅರ್ಧವನ್ನು ಮಾಡುತ್ತವೆ.

ಉಳಿದರ್ಧ ತೋಟಗಾರನ ಕೈಯದು. ಚಳಿನಾಡಿನಲ್ಲಿ ಮಲಗಿದ ಗಿಡವನ್ನು ಬರಿಬೇರಿನಲ್ಲೇ ಕಿತ್ತು ಸಾಗಿಸಬಹುದು. ಇಲ್ಲಿ ಬುಡದ ಸುತ್ತ ಒಂದಡಿ ಬಿಟ್ಟು ಅಗೆದು, ಬೇರಿನ ಮಣ್ಣು ಉದುರದಂತೆ ಗೋಣಿತಾಟಿನಲ್ಲಿ ಕಟ್ಟಿ ಎತ್ತಬೇಕು. ಕೆಲವು ವಾರ ಮೊದಲೇ ಸುತ್ತ ಕಾಲುವೆ ತೋಡಿ ಬೇರು ಕತ್ತರಿಸಿಟ್ಟರೆ ಆ ಮಣ್ಣಿನ ಗಡ್ಡೆಯೊಳಗೆ ಹೊಸ ಬೇರು ಮೂಡಿರುತ್ತದೆ. ಕೊಂಬೆಗಳನ್ನು ಒಂದು, ಒಂದೂವರೆ ಅಡಿಗೆ ಇಳಿಸುತ್ತಾರೆ. ಹಿಮ ಬೀಳುವ ನಾಡುಗಳಲ್ಲಿ ಕಸಿಯ ಗಂಟನ್ನು ಮಣ್ಣಿನೊಳಗೆ ಹೂಳುವುದುಂಟು. ನಮ್ಮಲ್ಲಿ ಅದು ಮಣ್ಣಿನ ಮೇಲೇ ಇರಬೇಕು, ಇಲ್ಲವಾದರೆ ಕೊಳೆಯಬಹುದು. ಇಂಗ್ಲಿಷ್ ಪುಸ್ತಕಗಳ ಸೂಚನೆಯನ್ನು ಇದ್ದಂತೆಯೇ ಪಾಲಿಸಿ ಗಂಟನ್ನು ಹೂಳಿದವರು ಗಿಡ ಕಳೆದುಕೊಳ್ಳಬಹುದು.

ಹಳೆಯ ಗುಲಾಬಿ ತೆಗೆದ ಕುಣಿಗೇ ಮತ್ತೊಂದು ಗುಲಾಬಿ ನೆಟ್ಟರೆ ಅದು ಸೊರಗುವುದನ್ನೂ ತೋಟಗಾರರು ಬಹುಕಾಲದಿಂದ ಕಂಡಿದ್ದಾರೆ. ವರ್ಷಗಳ ಕಾಲ ಒಂದೇ ಬೆಳೆ ನಿಂತ ಮಣ್ಣಿನಲ್ಲಿ ಬೇರಿಗೆ ಮಾರಕವಾದ ಸೂಕ್ಷ್ಮಜೀವಿಗಳೂ ಜಂತುಹುಳಗಳೂ ಸೇರಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣವಿರಬಹುದೆಂದು ವಿಜ್ಞಾನ ಈಗ ಹೇಳುತ್ತದೆ. ಜಾಗ ಬದಲಿಸಿದರೆ ಗುಲಾಬಿ ಸುಧಾರಿಸುತ್ತದೆ ಎಂಬ ಗ್ರೀಕರ ಅನುಭವಕ್ಕೆ ಹೊಸ ಮಣ್ಣು ಸಿಕ್ಕಿದ್ದೂ ಒಂದು ಕಾರಣವಾಗಿದ್ದಿರಬಹುದು. ಬೇರೆ ದಾರಿಯಿಲ್ಲದೆ ಹಳೆಯ ಕುಣಿಯಲ್ಲೇ ನೆಡಬೇಕಾದರೆ ಒಂದೂವರೆ ಅಡಿ ಆಳದ ಮಣ್ಣನ್ನು ಪೂರ್ತಿ ತೆಗೆದು, ಗುಲಾಬಿ ಬೆಳೆಯದ ಜಾಗದ ಕೆಮ್ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತುಂಬಬೇಕು. ರಾಸಾಯನಿಕ ಗೊಬ್ಬರವನ್ನು ಹೊಸ ಚಿಗುರು ಬಲಿಯುವವರೆಗೆ ಕೊಡಬಾರದು.