ಕಿನ್ನೌರ್–ಸ್ಪಿತಿ ಕಣಿವೆಗಳಿಗೆ ಕಾರಿನಲ್ಲಿ: ಹೊರಡುವವರಿಗೊಂದು ಮಾರ್ಗಸೂಚಿ

ರಾಜಧಾನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ರಜೆಯಲ್ಲಿ ಊರಿಗೆ ಹೋಗದ ವರ್ಷ ಹಿಮಾಲಯದತ್ತ ಮುಖ ಮಾಡುವುದು ವಾಡಿಕೆ. ಶಿಮ್ಲಾ, ಮನಾಲಿ, ಮಸ್ಸೂರಿಗಳನ್ನು ನೋಡಿಯಾದ ಮೇಲೆ ಅನೇಕರ ಮನಸ್ಸು ಹಿಮಾಚಲ ಪ್ರದೇಶದ ಗಡಿಭಾಗದ ಕಿನ್ನೌರ್ ಮತ್ತು ಸ್ಪಿತಿ ಕಣಿವೆಗಳ ಕಡೆಗೆ ಹೊರಳುತ್ತದೆ. ಸೇಬಿನ ತೋಟಗಳು, ಸಟ್ಲೆಜ್ ನದಿಯ ಕಡಿದಾದ ಕಮರಿ, ಅದರಾಚೆ ಹಸಿರೇ ವಿರಳವಾದ ಶೀತ ಮರುಭೂಮಿ, ಸಾವಿರ ವರ್ಷ ಹಳೆಯ ಬೌದ್ಧ ವಿಹಾರ: ಇಷ್ಟನ್ನೂ ಒಂದೇ ಸುತ್ತಿನಲ್ಲಿ ಕಾಣಬಹುದಾದ ದಾರಿ ಇದು. ಆದರೆ ಬಯಲುಸೀಮೆಯ ಪ್ರವಾಸದಂತೆ ಕಿಲೋಮೀಟರುಗಳ ಲೆಕ್ಕದಲ್ಲಿ ಇದನ್ನು ಯೋಜಿಸಿದವರು ತೊಂದರೆಗೆ ಸಿಲುಕುತ್ತಾರೆ. ಇಲ್ಲಿ ಮೊದಲು ಗಮನಿಸಬೇಕಾದದ್ದು ಪ್ರತಿ ರಾತ್ರಿ ತಂಗುವ ಊರಿನ ಎತ್ತರ.

ಎತ್ತರದ ಲೆಕ್ಕ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಈ ಪ್ರವಾಸದಲ್ಲಿ ಶಿಮ್ಲಾದಿಂದ ಮನಾಲಿಯವರೆಗೆ ನಾವು ತಂಗುವ ಪ್ರತಿಯೊಂದು ಊರೂ ಅದಕ್ಕಿಂತ ಮೇಲಿದೆ. ಸ್ಪಿತಿಯ ಮುಖ್ಯ ಪಟ್ಟಣವಾದ ಕಾಜಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅಲ್ಲಿಯೂ ಶೇಕಡಾ 21 ಆಗಿಯೇ ಇರುತ್ತದೆ. ಆದರೆ ವಾಯುಭಾರ ಕಡಿಮೆಯಾದ ಕಾರಣ, ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಮೂರನೆಯ ಎರಡು ಭಾಗ ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದೆಡೆ ನಿಲ್ಲಬೇಕು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ನಿಯಮ. ಹಗಲಿನಲ್ಲಿ ಇನ್ನೂ ಮೇಲೇರಿ ನೋಡಿಬಂದು, ರಾತ್ರಿ ಕೆಳಗಿಳಿದು ಮಲಗುವುದು ಉತ್ತಮ ಕ್ರಮ.

ಯಾವ ದಿಕ್ಕಿನಿಂದ?

ಕಾಜಾ ತಲುಪಲು ಎರಡು ದಾರಿಗಳಿವೆ. ಮನಾಲಿಯಿಂದ ಸುಮಾರು 200 ಕಿಲೋಮೀಟರ್. ಒಂದೇ ದಿನದ ಪ್ರಯಾಣ. 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದಾಗಿ ರೋಹ್ತಂಗ್ ಕಣಿವೆಮಾರ್ಗವನ್ನು ಏರುವ ಶ್ರಮವೂ ತಪ್ಪಿದೆ. ಅವಸರದವರು ಈ ದಾರಿಯನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಹಿಂದಿನ ರಾತ್ರಿ 2,050 ಮೀಟರ್ ಎತ್ತರದಲ್ಲಿ ಮಲಗಿದವರು ಮರುರಾತ್ರಿ 3,650 ಮೀಟರಿನಲ್ಲಿ ಮಲಗುತ್ತಾರೆ. ನಡುವೆ 4,551 ಮೀಟರ್ ಎತ್ತರದ ಕುಂಜಮ್ ಕಣಿವೆಮಾರ್ಗ ಬೇರೆ. ಶಿಮ್ಲಾದ ದಾರಿ ಬಹಳ ಉದ್ದ. ಆದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಕ್ಕಳು, ಹಿರಿಯರು ಜೊತೆಯಲ್ಲಿರುವಾಗ ಶಿಮ್ಲಾದಿಂದ ಹತ್ತಿ ಮನಾಲಿಗೆ ಇಳಿಯುವುದೇ ಸರಿಯಾದ ಕ್ರಮ.

ದಿನಗಳ ಹಂಚಿಕೆ

ಕನಿಷ್ಠ ಹನ್ನೆರಡು ದಿನಗಳಿದ್ದರೆ ಪ್ರವಾಸ ಸುಗಮ.

ದಿನ 1: ದೆಹಲಿಯಿಂದ ಅಂಬಾಲಾ, ಕಾಲ್ಕಾ ಮಾರ್ಗವಾಗಿ ಶಿಮ್ಲಾ, ಸುಮಾರು 350 ಕಿ.ಮೀ. (2,200 ಮೀ.)

ದಿನ 2: ನಾರ್ಕಂಡಾ, ಸುಮಾರು 65 ಕಿ.ಮೀ. (2,700 ಮೀ.) ಹಗಲಿನಲ್ಲಿ ಹಾತು ಶಿಖರ.

ದಿನ 3: ರಾಮ್‌ಪುರ, ಕರ್ಛಮ್ ಮಾರ್ಗವಾಗಿ ಬಾಸ್ಪಾ ನದಿಯ ತೀರದ ಸಾಂಗ್ಲಾ (2,700 ಮೀ.)

ದಿನ 4: ಸಾಂಗ್ಲಾದಿಂದ ಚಿತ್ಕುಲ್ (3,450 ಮೀ.) ನೋಡಿ ಮರಳಿ ಸಾಂಗ್ಲಾ.

ದಿನ 5: ಕಿನ್ನರ ಕೈಲಾಸದ ಎದುರಿನ ಕಲ್ಪಾ (2,960 ಮೀ.)

ದಿನ 6: ಸಟ್ಲೆಜ್ ಮತ್ತು ಸ್ಪಿತಿ ನದಿಗಳು ಕೂಡುವ ಖಾಬ್ ದಾಟಿ, ನಾಕೋ ಸರೋವರ ನೋಡಿ, ತಾಬೋ (3,280 ಮೀ.)

ದಿನ 7: ಢಂಕರ್ ವಿಹಾರದ ಮಾರ್ಗವಾಗಿ ಕಾಜಾ (3,650 ಮೀ.)

ದಿನ 8 ಮತ್ತು 9: ಕಾಜಾದಲ್ಲೇ ವಾಸ. ಮೊದಲ ದಿನ ಕೀ ವಿಹಾರ ಮತ್ತು ಕಿಬ್ಬರ್, ಎರಡನೆಯ ದಿನ ಸುಮಾರು 4,400 ಮೀಟರ್ ಎತ್ತರದಲ್ಲಿ ಅಂಚೆ ಕಚೇರಿಯುಳ್ಳ ಹಿಕ್ಕಿಮ್.

ದಿನ 10: ಕುಂಜಮ್ ದಾಟಿ ಮನಾಲಿ.

ದಿನ 11 ಮತ್ತು 12: ಮನಾಲಿಯಿಂದ ದೆಹಲಿಗೆ ಸುಮಾರು 530 ಕಿ.ಮೀ.; ಚಂಡೀಗಢದಲ್ಲಿ ತಂಗಿ ಹೊರಡಬಹುದು.

ಆರನೆಯ ದಿನ ನಾಕೋದಲ್ಲಿ ತಂಗುವ ಆಸೆ ಸಹಜ. ಆದರೆ ಆ ಊರು ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಊಟ ಮುಗಿಸಿ ತಾಬೋಗೆ ಇಳಿಯುವುದು ಲೇಸು. ಕ್ರಿ.ಶ. 996ರಲ್ಲಿ ಸ್ಥಾಪಿತವಾದ ತಾಬೋ ವಿಹಾರ ಹೊರಗಿನಿಂದ ಮಣ್ಣಿನ ಗೋಡೆಗಳ ಸರಳ ಕಟ್ಟಡ. ಒಳಗೆ ಭಿತ್ತಿಚಿತ್ರಗಳೂ ಮೃತ್ತಿಕೆಯ ಮೂರ್ತಿಗಳೂ ಇವೆ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಮಂದ ಬೆಳಕಿಗೆ ಕಣ್ಣು ಹೊಂದಿಕೊಳ್ಳಲು ಬಿಡುವು ಕೊಟ್ಟು ನೋಡಬೇಕು. ಕುಂಜಮ್ ಸಮೀಪದ ಚಂದ್ರತಾಲ್ ಸರೋವರ ಅತಿ ರಮಣೀಯವಾದರೂ, 4,250 ಮೀಟರ್ ಎತ್ತರದಲ್ಲಿ ಡೇರೆವಾಸ ಹಿರಿಯರಿಗೆ ಹಿತವಲ್ಲ.

ಯಾವ ಕಾಲ?

ಕುಂಜಮ್ ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್–ನವೆಂಬರಿನಲ್ಲಿ ಮುಚ್ಚುತ್ತದೆ. ಮೇ ತಿಂಗಳಲ್ಲಿ ಹೋಗುವವರು ಬಂದ ದಾರಿಯಲ್ಲೇ ಮರಳುವ ಸಿದ್ಧತೆಯಲ್ಲಿರಬೇಕು. ಸ್ಪಿತಿ ಮಳೆ ನೆರಳಿನ ಪ್ರದೇಶವಾದರೂ ಅಲ್ಲಿಗೆ ತಲುಪಿಸುವ ದಾರಿಗಳು ಹಾಗಲ್ಲ. 2021ರ ಜುಲೈ 25ರಂದು ಸಾಂಗ್ಲಾ ಕಣಿವೆಯ ಬಟ್ಸೇರಿಯಲ್ಲಿ ಬಂಡೆಗಳು ಉರುಳಿ ಒಂಬತ್ತು ಮಂದಿ ಪ್ರವಾಸಿಗರು ಮೃತಪಟ್ಟರು. ಅದೇ ಆಗಸ್ಟ್ 11ರಂದು ನಿಗುಲ್ಸರಿ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಬಸ್ಸೊಂದು ಪ್ರಯಾಣಿಕರ ಸಮೇತ ಹೂತುಹೋಯಿತು. 2023ರ ಜುಲೈನಲ್ಲಿ ಚಂದ್ರತಾಲ್ ಬಳಿ ಹಿಮಪಾತಕ್ಕೆ ಸಿಲುಕಿದ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರನ್ನು ಹೊರತರಲು ದಿನಗಳೇ ಹಿಡಿದವು. ಆದುದರಿಂದ ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟುಬಿಡಬೇಕು. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಆರಂಭದವರೆಗಿನ ಅವಧಿ ಪ್ರಶಸ್ತ. ಯಾವ ಕಾಲದಲ್ಲಿ ಹೋದರೂ ಕಚೇರಿಗೆ ರಜೆ ಬರೆಯುವಾಗ ಎರಡು ದಿನ ಹೆಚ್ಚಾಗಿಯೇ ಬರೆಯಿರಿ. ಮರುದಿನವೇ ಕೆಲಸಕ್ಕೆ ಹಾಜರಾಗಬೇಕೆಂಬ ಒತ್ತಡವಿದ್ದವರು ಕತ್ತಲಲ್ಲಿ ಗಾಡಿ ಓಡಿಸುತ್ತಾರೆ.

ವಾಹನ ಮತ್ತು ಚಾಲನೆ

ನೆಲದಿಂದ ಎತ್ತರವಿರುವ ಗಾಡಿ ಅನುಕೂಲ. ಟೈರು, ಬ್ರೇಕು, ಬ್ಯಾಟರಿಗಳನ್ನು ಮೊದಲೇ ಪರೀಕ್ಷಿಸಿ, ಸ್ಟೆಪ್ನಿಯಲ್ಲಿ ಗಾಳಿ ತುಂಬಿಸಿಡಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ತಪ್ಪುತ್ತದೆ. ಇಕ್ಕಟ್ಟಿನಲ್ಲಿ ಏರುತ್ತಿರುವ ವಾಹನಕ್ಕೆ ದಾರಿ ಬಿಡುವುದು ನಿಯಮ. ಕುಂಜಮ್ ಆಚೆ ಬಾತಲ್‌ನಿಂದ ಗ್ರಾಂಫೂವರೆಗೆ ರಸ್ತೆ ಒರಟು. ಹಳ್ಳಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನ ಅವುಗಳ ನೀರು ಹೆಚ್ಚುವುದರಿಂದ ಕಾಜಾದಿಂದ ಬೆಳಗಿನ ಜಾವವೇ ಹೊರಡಬೇಕು. ಕಾಜಾದಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಅಲ್ಲಿಂದ ಮನಾಲಿಯವರೆಗೆ ಬಂಕ್ ನಂಬಿ ಹೋಗುವಂತಿಲ್ಲ.

ಹಣ, ಆಹಾರ, ಅನುಮತಿ

ಕಾಜಾದಲ್ಲಿ ಎಟಿಎಂ ಇದೆ. ಆದರೆ ವಿದ್ಯುತ್ತೋ ಸಂಪರ್ಕವೋ ಕಡಿದರೆ ಯಂತ್ರವೂ ಮೊಬೈಲ್ ಪಾವತಿಯೂ ಒಟ್ಟಿಗೇ ನಿಲ್ಲುತ್ತವೆ. ಖರ್ಚಿಗೆ ಸಾಲುವಷ್ಟು ನಗದನ್ನು ಸಣ್ಣ ನೋಟುಗಳಲ್ಲಿ ಒಯ್ಯುವುದು ಜಾಣತನ.

ಕಾಜಾದಲ್ಲಿ ನೀರು ಸುಮಾರು 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಅನ್ನ, ಬೇಳೆ ಚೆನ್ನಾಗಿ ಬೇಯವು. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಜೊತೆಗಿದ್ದರೆ ಒಳ್ಳೆಯದು. ಊಟ ಮಿತವಾಗಿರಲಿ, ನೀರು ಧಾರಾಳವಾಗಿರಲಿ. ಮದ್ಯ, ಧೂಮಪಾನ ಬೇಡ.

ಭಾರತೀಯ ಪ್ರಜೆಗಳಿಗೆ ಈ ಮಾರ್ಗದಲ್ಲಿ ಪರವಾನಗಿ ಬೇಕಿಲ್ಲ. ಆದರೆ ವಿದೇಶದ ಪೌರತ್ವ ಪಡೆದ ಮಕ್ಕಳು, ಮೊಮ್ಮಕ್ಕಳು ಜೊತೆಗಿದ್ದರೆ, ಅವರ ಬಳಿ ಸಾಗರೋತ್ತರ ಪೌರತ್ವದ ಕಾರ್ಡ್ ಇದ್ದರೂ, ಗಡಿಗೆ ಹತ್ತಿರದ ರೆಕಾಂಗ್ ಪಿಯೊ–ತಾಬೋ ಭಾಗಕ್ಕೆ ಪ್ರತ್ಯೇಕ ಪರವಾನಗಿ ಪಡೆಯಬೇಕು.

ಆರೋಗ್ಯ ಕೆಟ್ಟರೆ

ರಕ್ತದೊತ್ತಡ, ಹೃದ್ರೋಗ, ಉಬ್ಬಸ ಇರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುವ ಅಸಿಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಕೂಡದು. ತಲೆನೋವು, ವಾಕರಿಕೆ, ಹಸಿವಿಲ್ಲದಿರುವಿಕೆ ಕಂಡರೆ ಮುಂದೆ ಏರದೆ ಅಲ್ಲಿಯೇ ವಿಶ್ರಮಿಸಬೇಕು. ಕುಳಿತಲ್ಲೇ ಏದುಸಿರು, ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಇವು ಪ್ರಾಣಾಪಾಯದ ಲಕ್ಷಣಗಳು. ಆಗ ಬೆಳಗಾಗಲಿ ಎಂದು ಕಾಯದೆ ಕೂಡಲೇ ಕೆಳಗಿಳಿಸಬೇಕು. ಮೊದಲ ಚಿಕಿತ್ಸೆಗೆ ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಅಲ್ಲಿಂದ ಮನಾಲಿ ಹತ್ತಿರವೆಂದು ಕುಂಜಮ್ ಕಡೆಗೆ ರೋಗಿಯನ್ನು ಒಯ್ಯಬಾರದು. ಆ ದಾರಿ ಇಳಿಯುವ ಮೊದಲು ಇನ್ನೂ ಒಂಬೈನೂರು ಮೀಟರ್ ಏರುತ್ತದೆ. ತಾಬೋ, ರೆಕಾಂಗ್ ಪಿಯೊ ಕಡೆಗೇ ಇಳಿಯಬೇಕು. ಪಿಯೊದಲ್ಲಿ ಜಿಲ್ಲಾಸ್ಪತ್ರೆ ಇದೆ.

ಮನೆಯ ಹಿರಿಯರಿಗೆ ಈ ಎತ್ತರ ಒಗ್ಗದು ಎಂಬ ಸಂದೇಹವಿದ್ದರೆ ಕಲ್ಪಾದವರೆಗೆ ಹೋಗಿ ಮರಳುವ ಏಳೆಂಟು ದಿನಗಳ ಪ್ರವಾಸವನ್ನೇ ಯೋಜಿಸಬಹುದು. ಮುಂಜಾನೆ ಕಿನ್ನರ ಕೈಲಾಸದ ಮೇಲೆ ಬಿಸಿಲು ಮೂಡುವುದನ್ನು ಅಲ್ಲಿನ ಜಗುಲಿಯಲ್ಲಿ ಕುಳಿತು ಕುಟುಂಬದವರೆಲ್ಲ ಒಟ್ಟಿಗೆ ನೋಡಬಹುದು. ಪ್ರಯಾಣ ಸುಖಕರವಾಗಲಿ.